ಕಾರವಾರದಲ್ಲಿ ಮನೆಗೆ ಗಿರಾಕಿಗಳೇ ಇಲ್ಲವಂತೆ, ಹೌದೇ?

ಹಬ್ಬುವಾಡದ ಬಾಡಿಗೆದಾರ:
ಏಜೆಂಟರೊಬ್ಬರು ಹೋದ ವಾರ ಹೇಳಿದರು: ‘ವ್ಯಾಪಾರ ತಣ್ಣಗಾಗಿದೆ ಸರ್, ಗಿರಾಕಿಗಳೇ ಇಲ್ಲ.’ ನನಗೆ ನಗು ತಡೆಯಲಾಗಲಿಲ್ಲ. ನಮ್ಮ ವಠಾರದಲ್ಲಿ ನಾಲ್ಕು ಸಂಸಾರ. ನಾಲ್ಕೂ ಮನೆ ಹುಡುಕುತ್ತಿವೆ, ಒಬ್ಬರೂ ಬಾಯಿ ಬಿಡುವುದಿಲ್ಲ. ಕೈಗಾಕ್ಕೆ ಕೆಲಸಕ್ಕೆ ಹೋಗುವ ಪಕ್ಕದ ಮನೆಯವರು ಭಾನುವಾರ ‘ಮೀನು ತರುತ್ತೇನೆ’ ಎಂದು ಸದಾಶಿವಗಡದ ಕಡೆ ಹೊರಡುತ್ತಾರೆ. ಮರಳಿದಾಗ ಚೀಲದಲ್ಲಿ ಬಂಗಡೆ ಇರುವುದಿಲ್ಲ, ನಿವೇಶನದ ನಕ್ಷೆ ಇರುತ್ತದೆ. ನನ್ನ ಹೆಂಡತಿಯದೊಂದು ನೋಟುಬುಕ್ಕಿದೆ. ಆರು ವರ್ಷಗಳಲ್ಲಿ ನೋಡಿದ ಹದಿನೇಳು ಮನೆಗಳ ಪೈಕಿ ಯಾವುದರ ಬಾವಿ ಏಪ್ರಿಲ್‌ನಲ್ಲಿ ಉಪ್ಪಾಗುತ್ತದೆ, ಯಾವುದರ ಗೋಡೆ ಚಿರೆಕಲ್ಲಿನದು, ಎಲ್ಲವೂ ಅದರಲ್ಲಿದೆ. ಬೆಲೆಯನ್ನು ಮಾತ್ರ ಪೆನ್ಸಿಲ್‌ನಲ್ಲಿ ಬರೆಯುತ್ತಾಳೆ.

ನೋಂದಣಿ ಕಚೇರಿಯ ಮೆಟ್ಟಿಲು ಹತ್ತುವವರೆಗೆ ನಾವು ಯಾರ ಲೆಕ್ಕಕ್ಕೂ ಇಲ್ಲ. 2025ರಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಎಂದರೆ ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯನ್ನು, ಶೇ. 6.5ರಿಂದ 5.25ಕ್ಕೆ ಇಳಿಸಿತು. ಇನ್ನಷ್ಟು ಇಳಿದರೆ ನಾವೆಲ್ಲ ಒಟ್ಟಿಗೇ ಹೊರಬಿದ್ದು ಬೆಲೆ ಏರಿಸಿಬಿಡುತ್ತೇವೆಯೇ? ಕಾಯಲೇ, ಈಗಲೇ ಕೊಳ್ಳಲೇ?

ಶಿರಸಿಯ ನಿವೃತ್ತ:
ಬ್ಯಾಂಕಿನಲ್ಲಿ ಸಾಲದ ಅರ್ಜಿಗಳ ಮುಂದೆಯೇ ತಲೆ ನರೆತವನು ನಾನು. ಬಡ್ಡಿಯನ್ನು ಅಷ್ಟು ಹಚ್ಚಿಕೊಳ್ಳಬೇಡಿ. 20 ವರ್ಷದ 40 ಲಕ್ಷ ಸಾಲಕ್ಕೆ ಬಡ್ಡಿ ಶೇ. 9ರಿಂದ 7.75ಕ್ಕೆ ಇಳಿದರೆ ತಿಂಗಳ ಕಂತು ಸುಮಾರು 36 ಸಾವಿರದಿಂದ 33 ಸಾವಿರಕ್ಕೆ ಬರುತ್ತದೆ. ಸಂತೋಷ. ಆದರೆ 50 ಲಕ್ಷದ ಮನೆಗೆ ಬ್ಯಾಂಕ್ ಕೊಡುವುದು ಹೆಚ್ಚೆಂದರೆ ಶೇ. 80. ಉಳಿದ 10 ಲಕ್ಷ ನಿಮ್ಮದು. ಮುದ್ರಾಂಕ ಶುಲ್ಕವನ್ನೂ ಬ್ಯಾಂಕ್ ಲೆಕ್ಕಕ್ಕೆ ಹಿಡಿಯುವುದಿಲ್ಲ, 2025ರ ಆಗಸ್ಟ್ 31ರಿಂದ ಶೇ. 1ರಿಂದ 2ಕ್ಕೇರಿದ ನೋಂದಣಿ ಶುಲ್ಕವನ್ನೂ ಹಿಡಿಯುವುದಿಲ್ಲ. ಒಟ್ಟು 14 ಲಕ್ಷದ ಹತ್ತಿರ ಕೈಯಲ್ಲಿರಬೇಕು. ರೆಪೊ ಇಳಿದರೂ ಈ ಗಂಟು ಇಳಿಯುವುದಿಲ್ಲ. ಹಾಗಾಗಿ ಕಟ್ಟೆಯೊಡೆದಂತೆ ಯಾರೂ ನುಗ್ಗುವುದಿಲ್ಲ, ಗಂಟು ತುಂಬಿದವರು ಒಬ್ಬೊಬ್ಬರಾಗಿ ಬರುತ್ತಾರೆ. ನಿಮ್ಮ ಗಂಟು ತುಂಬಿದೆಯೇ?

ಅಂಕೋಲೆಯವಳು:
ಗಂಟು ಇಟ್ಟುಕೊಂಡೂ ಕುಳಿತವರಿದ್ದೇವೆ ಸರ್. ಅವರ್ಸಾ ಕಡೆ ನೋಡಿದ ಮೊದಲ ಜಾಗಕ್ಕೆ ಭೂಪರಿವರ್ತನೆ ಆಗಿರಲಿಲ್ಲ, ಕಾಗದದಲ್ಲಿ ಅದಿನ್ನೂ ಕೃಷಿಭೂಮಿ. ಎರಡನೆಯದಕ್ಕೆ ಪಂಚಾಯತಿಯ ಆಸ್ತಿ ದಾಖಲೆಗಳಾದ 9 ಮತ್ತು 11ನೇ ನಮೂನೆ ‘ನಾಳೆ ಸಿಗುತ್ತದೆ’ ಎನ್ನುತ್ತಲೇ ಎರಡು ಮಳೆಗಾಲ ಕಳೆಯಿತು. ಮೂರನೆಯದು ಕಟ್ಟಡಕ್ಕೆ ನಿರ್ಬಂಧವಿರುವ ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) ಗೆರೆಯೊಳಗೆ. ಗುಡ್ಡ, ಕಾಡು, ಸಮುದ್ರ ಬಿಟ್ಟು ನಮ್ಮ ಕರಾವಳಿಯಲ್ಲಿ ಉಳಿಯುವುದೇ ಒಂದು ಪಟ್ಟಿ. ಅದರಲ್ಲಿ ಕಾಗದ ಸರಿಯಿರುವ ಜಾಗಕ್ಕೆ ‘ಮಾರಾಟಕ್ಕಿದೆ’ ಎಂಬ ಫಲಕ ಬೀಳುವ ಮೊದಲೇ ನೆಂಟರೊಳಗೆ ವ್ಯವಹಾರ ಮುಗಿದಿರುತ್ತದೆ.

ಮುಂಬೈ ಕಾರವಾರಿ:
ಕೊಳ್ಳುವವರಷ್ಟೇ ಅಲ್ಲ, ಮಾರುವವರೂ ಅಡಗಿದ್ದಾರೆ. ಕಾಜುಬಾಗದ ನಮ್ಮ ಮನೆಗೆ ಒಂಬತ್ತು ವರ್ಷಗಳಿಂದ ಬೀಗ. ಕೀಲಿ ಪಕ್ಕದ ಮನೆಯ ಅಕ್ಕನ ದೇವರ ಕೋಣೆಯ ಮೊಳೆಗೆ ನೇತಾಡುತ್ತಿದೆ. ಅಜ್ಜನ ಹೆಸರಿನಲ್ಲಿರುವ ಆಸ್ತಿ, ಐದು ಸಹಿ ಬೇಕು, ಎರಡು ಆಗಿದೆ. ಚೌತಿಗೆ ಎಲ್ಲರೂ ಸೇರುತ್ತೇವೆ, ಮೋದಕ ತಿನ್ನುತ್ತೇವೆ, ಪಾಲಿನ ಮಾತು ಬಂದ ಕೂಡಲೇ ಯಾರಿಗೋ ರೈಲಿನ ಹೊತ್ತಾಗುತ್ತದೆ. ಈ ಸಲ ಮೂರನೆಯ ಸಹಿ ಆಗುವ ಹಾಗಿದೆ.

ಹಬ್ಬುವಾಡದ ಬಾಡಿಗೆದಾರ:
ಶಿರಸಿಯವರೇ, ಹನ್ನೊಂದು ಲಕ್ಷ ತುಂಬಿದೆ, ಇನ್ನು ಮೂರು ಬೇಕು. ಮುಂಬೈಯವರೇ, ಆ ಮನೆಯ ಬಾವಿ ನೀರು ಬೇಸಿಗೆಯಲ್ಲಿ ಹೇಗಿರುತ್ತದೆ? ಇಲ್ಲಿ ಬರೆಯಬೇಡಿ, ನನಗೆ ಮಾತ್ರ ಸಂದೇಶ ಕಳಿಸಿ. ನಮ್ಮ ವಠಾರದ ಉಳಿದ ಮೂರು ಮನೆಯವರೂ ಇದನ್ನು ಓದುತ್ತಾರೆ.