ಪ್ರಶ್ನೋತ್ತರ: ಪೇಟೆ ಬೀದಿಯ ಹಳೇ ಅಂಗಡಿ ಕಟ್ಟಡಗಳನ್ನು ಉಳಿಸುವುದು ಹೇಗೆ?

ಇಂಜಿನಿಯರ್: ಗ್ರೂಪಿನ ಎಲ್ಲರಿಗೂ ನಮಸ್ಕಾರ. ಹಳೇ ಕಟ್ಟಡಗಳ ರಿಪೇರಿ ನನ್ನ ಕೆಲಸ. ಮೈಸೂರಿನ ಪೇಟೆ ಬೀದಿಗಳಲ್ಲಿ ಕೆಳಗೆ ವ್ಯಾಪಾರ ಜೋರಾಗಿದ್ದರೂ ಮೇಲಿನ ಮಹಡಿಗೆ ಬೀಗ ಬಿದ್ದಿರುವ ಕಟ್ಟಡಗಳು ತುಂಬಾ ಇವೆ. ಮೇಲೆ ಯಾರೂ ಹತ್ತುವುದಿಲ್ಲ, ಹಾಗಾಗಿ ಮಳೆನೀರಿನ ಕೊಳವೆ ಕಟ್ಟಿಕೊಂಡಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಮೇಲಿನ ಮಹಡಿ ಮತ್ತೆ ಬಳಕೆಗೆ ಬಂದರೆ ಬೀದಿಗೂ ಜೀವ ಬರುತ್ತದೆ. ಪ್ರಶ್ನೆಗಳಿದ್ದರೆ ಕೇಳಿ. ಗೋಡೆಯ ದಪ್ಪ, ಚಾವಣಿ ಯಾವ ಥರದ್ದು ಅಂತ ಜೊತೆಗೆ ಬರೆಯಿರಿ.

ಶಿವರಾಂಪೇಟೆ ಸದಸ್ಯೆ: ಗೋಡೆ ಒಂದೂವರೆ ಅಡಿ ದಪ್ಪ, ಇಟ್ಟಿಗೆ ಮತ್ತು ಸುಣ್ಣದ ಗಾರೆ. ಎರಡು ವರ್ಷದ ಹಿಂದೆ ಹಳೇ ಗಾರೆ ಕಿತ್ತು ಸಿಮೆಂಟ್ ಪ್ಲಾಸ್ಟರ್ ಮಾಡಿಸಿದೆವು. ಈಗ ಮೂರಡಿ ಎತ್ತರದವರೆಗೆ ಉಬ್ಬಿ ಉದುರುತ್ತಿದೆ.

ಇಂಜಿನಿಯರ್: ನೆಲದ ತೇವ ಇಂಥ ಗೋಡೆಯಲ್ಲಿ ಮೇಲೇರುವುದು ಸಹಜ. ಸುಣ್ಣದ ಗಾರೆ ಇದ್ದಾಗ ಅದು ಹೊರಗೆ ಆರಿ ಹೋಗುತ್ತಿತ್ತು. ಸಿಮೆಂಟ್ ಅದನ್ನು ಒಳಗೇ ಕೂಡಿಹಾಕಿದೆ. ತೇವದ ಜೊತೆ ಬಂದ ಉಪ್ಪು ಇಟ್ಟಿಗೆಯನ್ನು ಪುಡಿ ಮಾಡುತ್ತದೆ. ಸಿಮೆಂಟನ್ನು ಹುಷಾರಾಗಿ ತೆಗೆಸಿ, ಗೋಡೆ ಒಣಗಲು ಬಿಡಿ, ಮತ್ತೆ ಸುಣ್ಣ-ಮರಳಿನ ಗಾರೆಯನ್ನೇ ಹಾಕಿಸಿ. ಮೇಲೆ ಸುಣ್ಣದ ಬಣ್ಣ ಮಾತ್ರ.

ಸಂತೇಪೇಟೆ ಸದಸ್ಯರು: ಸಾರ್, ನಮ್ಮಲ್ಲೂ ಹೀಗೇ ಉದುರುತ್ತಿದೆ. ಮೇಲೊಂದು ವಾಟರ್‌ಪ್ರೂಫ್ ಪೇಂಟ್ ಹೊಡೆದರೆ ಸಾಕಾ?

ಇಂಜಿನಿಯರ್: ಬೇಡ. ಮೇಲಿನ ಉತ್ತರ ಓದಿ.

ಪಾತ್ರೆ ಅಂಗಡಿಯವರು: ಪ್ಯಾರಾಪೆಟ್‌ನಲ್ಲಿ ಅರಳಿ ಗಿಡ ಬೆಳೆದಿದೆ. ಏನು ಮಾಡೋದು?

ಇನ್ನೊಬ್ಬ ಸದಸ್ಯರು: ಬುಡಕ್ಕೆ ಆ್ಯಸಿಡ್ ಸುರಿಯಿರಿ. ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಬಂದಿತ್ತು, ಕೆಳಗೆ ಫಾರ್ವರ್ಡ್ ಮಾಡಿದ್ದೇನೆ. ಬಿರುಕು ಮುಚ್ಚಲು ಸಿಮೆಂಟಿಗೆ ಸಕ್ಕರೆ ಬೆರೆಸುವುದೂ ಅದರಲ್ಲಿದೆ.

ಇಂಜಿನಿಯರ್: ದಯವಿಟ್ಟು ಅದನ್ನು ಅಳಿಸಿ. ಆ್ಯಸಿಡ್ ಸುಣ್ಣವನ್ನೇ ಕರಗಿಸುತ್ತದೆ. ಗಿಡಕ್ಕಿಂತ ಮೊದಲು ಗೋಡೆ ಹಾಳಾಗುತ್ತದೆ. ಸಕ್ಕರೆ ಬೆರೆತ ಸಿಮೆಂಟ್ ಸರಿಯಾಗಿ ಗಟ್ಟಿಯಾಗುವುದೇ ಇಲ್ಲ. ಅರಳಿ ಗಿಡವನ್ನು ಎಳೆದು ಕೀಳಬೇಡಿ, ಇಟ್ಟಿಗೆಯೂ ಜೊತೆಗೆ ಬರುತ್ತದೆ. ಬುಡಕ್ಕೆ ಕತ್ತರಿಸಿ, ಕತ್ತರಿಸಿದ ಜಾಗಕ್ಕೆ ಆಗಲೇ ಕಳೆನಾಶಕ ಸವರಿ. ಬೇರು ಸತ್ತ ಮೇಲೆ ಸಡಿಲವಾದ ಇಟ್ಟಿಗೆ ಬಿಚ್ಚಿ ಬೇರು ತೆಗೆದು ಮತ್ತೆ ಕಟ್ಟಿಸಿ.

ಬಟ್ಟೆ ಅಂಗಡಿಯವರು: ಸಾರ್, ಮುಂಭಾಗಕ್ಕೆ ಬಣ್ಣ ಹೊಡೆಸಬೇಕು, ಯಾವ ಬಣ್ಣ ಒಳ್ಳೆಯದು? ಮದ್ರಾಸ್ ತಾರಸಿ, ಎರಡು ಮಹಡಿ. ಹೋದ ವರ್ಷ ಎರಡು ಅಂಗಡಿ ಸೇರಿಸಲು ಮಧ್ಯದ ಗೋಡೆ ತೆಗೆಸಿದೆವು. ಮೇಲೆ ಸಣ್ಣ ಓರೆ ಬಿರುಕು ಬಂದಿದೆ, ಅದನ್ನೂ ಪುಟ್ಟಿ ಹಾಕಿ ಮುಚ್ಚಬಹುದಾ? ಮೇಲಿನ ರೂಮಿನ ಬಾಗಿಲು ಮಾತ್ರ ಈಚೆಗೆ ಬಿಗಿಯಾಗಿದೆ, ಮಳೆಗಾಲ ಅಲ್ವಾ.

ಇಂಜಿನಿಯರ್: ಬಣ್ಣದ ಮಾತು ಬಿಡಿ. ಇದನ್ನು ನಿಧಾನವಾಗಿ ಓದಿ.

ಆ ಗೋಡೆ ಬರೀ ಅಡ್ಡಗೋಡೆ ಆಗಿರಲಿಲ್ಲ ಅನ್ನಿಸುತ್ತದೆ. ಮದ್ರಾಸ್ ತಾರಸಿ ಕಟ್ಟಡದಲ್ಲಿ ಮರದ ತೊಲೆಗಳು ಗೋಡೆಯ ಮೇಲೆ ಕೂತಿರುತ್ತವೆ. ತೊಲೆಯ ಮೇಲೆ ಇಟ್ಟಿಗೆ, ಅದರ ಮೇಲೆ ಸುಣ್ಣದ ಕಾಂಕ್ರೀಟು. ಎಲ್ಲಾ ಸೇರಿ ತುಂಬಾ ಭಾರ. ಗೋಡೆ ತೆಗೆದ ಮೇಲೆ ಆ ಭಾರ ಪಕ್ಕಕ್ಕೆ ದಾರಿ ಹುಡುಕುತ್ತದೆ. ಓರೆ ಬಿರುಕು ಅದರ ಗುರುತು. ಬಾಗಿಲು ಬಿಗಿಯಾಗಿರುವುದು ಮಳೆಯಿಂದಲೇ ಇರಬಹುದು. ಆದರೆ ಬಿರುಕೂ ಬಾಗಿಲೂ ಒಟ್ಟಿಗೆ ಬಂದರೆ ಚೌಕಟ್ಟು ಓರೆಯಾಗುತ್ತಿದೆ ಅಂತಲೇ ನಾನು ಮೊದಲು ನೋಡುತ್ತೇನೆ.

ತಾರಸಿ ಮೇಲೆ ಟ್ಯಾಂಕ್ ಇದೆಯಾ? 1000 ಲೀಟರ್ ನೀರು ಅಂದರೆ ಒಂದು ಟನ್. ಇವತ್ತೇ ಖಾಲಿ ಮಾಡಿ. ಮೇಲೆ ಯಾರಾದರೂ ಕೆಲಸ ಮಾಡುತ್ತಿದ್ದರೆ ಕೆಳಗೆ ಕರೆಸಿ. ಬಿರುಕಿನ ಅಂಚು ನೋಡಿ: ಧೂಳು, ಜೇಡರ ಬಲೆ ಇದ್ದರೆ ಹಳೆಯದು, ಶುಭ್ರವಾಗಿದ್ದರೆ ಹೊಸದು. ತೊಲೆ ಗೋಡೆಯೊಳಗೆ ಹೋಗುವ ತುದಿಗೆ ಸ್ಕ್ರೂಡ್ರೈವರ್ ಒತ್ತಿ. ಮೆತ್ತಗೆ ಒಳಗೆ ಹೋದರೆ ಮರ ಕೊಳೆತಿದೆ.

ತೊಲೆಗಳ ಕೆಳಗೆ ತಾತ್ಕಾಲಿಕ ಆಸರೆ ಕಂಬ ಕೊಡಿಸಿ, ಆದರೆ ನಿಮ್ಮ ಮೇಸ್ತ್ರಿಯೊಬ್ಬರೇ ಅಲ್ಲ, ಇಂಜಿನಿಯರ್ ನಿಂತು ಕೊಡಿಸಲಿ. ಕಂಬ ಗಟ್ಟಿ ನೆಲದ ಮೇಲೆ ಅಗಲ ಹಲಗೆ ಇಟ್ಟು ನಿಲ್ಲಬೇಕು. ಜಾಕಿಯಿಂದ ತೊಲೆ ಎತ್ತಲು ಹೋಗಬೇಡಿ, ತಾಗಿ ಬಿಗಿಯಾದರೆ ಸಾಕು. ಎತ್ತಿದರೆ ಬೇರೆ ಕಡೆ ಒಡೆಯುತ್ತದೆ. ಬಿರುಕಿನ ಮೇಲೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿ ತಾರೀಖು ಬರೆಯಿರಿ. ಗಾಜು ಒಡೆದರೆ ಕಟ್ಟಡ ಇನ್ನೂ ಅಲುಗಾಡುತ್ತಿದೆ. ಪುಟ್ಟಿ ಹಾಕಿದರೆ ಇದ್ಯಾವುದೂ ಕಾಣುವುದಿಲ್ಲ.

ಪಾತ್ರೆ ಅಂಗಡಿಯವರು: ಇದಕ್ಕೇ ನಾನು ಹೇಳೋದು, ಕೆಡವಿ ಕಟ್ಟೋದೇ ವಾಸಿ. 2012ರಲ್ಲಿ ನಮ್ಮ ಮೈಸೂರಿನ ಹಳೇ ಲ್ಯಾನ್ಸ್‌ಡೌನ್ ಕಟ್ಟಡ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಬಿತ್ತು. ಇನ್ನೆಷ್ಟು ಸಾಯಬೇಕು?

ಶಿವರಾಂಪೇಟೆ ಸದಸ್ಯೆ: ಕೆಡವಿದರೆ ಒಳಗಿರೋ ಸಣ್ಣ ವ್ಯಾಪಾರಿಗಳು ಎಲ್ಲಿಗೆ ಹೋಗಬೇಕು? ಹೂವು, ಅರಿಶಿನ, ವೀಳ್ಯದೆಲೆ ಮಾರುವವರು ಕಾಂಪ್ಲೆಕ್ಸಿನ ಮೂರನೇ ಮಹಡಿಗೆ ಹತ್ತುತ್ತಾರಾ?

ಪಾತ್ರೆ ಅಂಗಡಿಯವರು: ನೀವು ಬಾಡಿಗೆದಾರರ ಪರ ಮಾತಾಡ್ತೀರಿ. ನನ್ನ ಬಾಡಿಗೆದಾರರು ಕೊಡೋದು ತಿಂಗಳಿಗೆ 400 ರೂಪಾಯಿ. ಅದರಲ್ಲಿ ಸುಣ್ಣದ ಗಾರೆ ಬರುತ್ತಾ?

ಶಿವರಾಂಪೇಟೆ ಸದಸ್ಯೆ: ರಿಪೇರಿ ಮಾಡಿ ಬಾಡಿಗೆ ಜಾಸ್ತಿ ಕೇಳಿ. ಮಾಡದೆ ಕೇಳೋದು ನ್ಯಾಯ ಅಲ್ಲ.

ಮತ್ತೊಬ್ಬ ಸದಸ್ಯರು: ಮೊದಲು ಪಾರ್ಕಿಂಗ್ ಆಗಲಿ. ಗಿರಾಕಿ ಬಂದು ನಿಲ್ಲಲು ಜಾಗ ಇಲ್ಲ.

ಪಾತ್ರೆ ಅಂಗಡಿಯವರು: ಮೇಡಂ, ನಿಮಗೆ ಅಂಗಡಿ ಇದೆಯಾ, ಸುಮ್ನೆ ಮಾತಾ?

ಶಿವರಾಂಪೇಟೆ ಸದಸ್ಯೆ: ನನ್ನ ಅಜ್ಜಿಯ ಕಾಲದಿಂದ ಇದೆ. ಮಾತು ಸರಿಯಾಗಿ ಆಡಿ.

ಹೊಸ ಸದಸ್ಯರು: ರಿಪೇರಿಗೆ ಬ್ಯಾಂಕಿನಲ್ಲಿ ಸಾಲ ಸಿಗುತ್ತಾ?

ಸಂತೇಪೇಟೆ ಸದಸ್ಯರು: ಸಾರ್, ವಾಟರ್‌ಪ್ರೂಫ್ ಪೇಂಟ್ ಬಗ್ಗೆ ಹೇಳಲಿಲ್ಲ.

ಇಂಜಿನಿಯರ್: ಹೇಳಿದ್ದೇನೆ. ಬೇಡ.

ಲ್ಯಾನ್ಸ್‌ಡೌನ್, ದೇವರಾಜ ಮಾರುಕಟ್ಟೆ ಬಗ್ಗೆ ಎಲ್ಲರೂ ಒಂದು ವಿಷಯ ಯೋಚಿಸಿ. ಆ ಎರಡೂ ಕುಸಿತ ಆಗಸ್ಟಿನಲ್ಲೇ, ಅಂದರೆ ಮಳೆಗಾಲದಲ್ಲೇ ಆದವು. ಕಟ್ಟಡ ಹಳೆಯದು ಅನ್ನೋದು ಕಾರಣ ಅಲ್ಲ, ವರ್ಷಗಟ್ಟಲೆ ನೀರು ಕುಡಿಯಲು ಬಿಟ್ಟಿದ್ದೇ ಕಾರಣ ಅನ್ನೋದು ನನ್ನ ಅಭಿಪ್ರಾಯ. ಮೊದಲು ತಾರಸಿಯ ನೀರು ಹೊರಹೋಗುವ ದಾರಿ, ಆಮೇಲೆ ತೊಲೆ ತುದಿ, ಆಮೇಲೆ ಗೋಡೆ. ಬಣ್ಣ ಕೊನೆಗೆ.

ಪಾತ್ರೆ ಅಂಗಡಿಯವರು: ಅಂದ್ರೆ ಖರ್ಚು ಮಾಡೋದು ನಾವು, ಹೇಳೋದು ನೀವು.

ಇಂಜಿನಿಯರ್: ಬಟ್ಟೆ ಅಂಗಡಿಯವರೇ, ಟ್ಯಾಂಕ್ ಖಾಲಿ ಮಾಡಿದಿರಾ? ಎರಡು ಗಂಟೆ ಆಯಿತು.

ಇಂಜಿನಿಯರ್: ಇನ್ನೊಮ್ಮೆ ಕೇಳುತ್ತಿದ್ದೇನೆ. ಮೇಲೆ ಯಾರಾದರೂ ಇದ್ದಾರಾ?

ಬಟ್ಟೆ ಅಂಗಡಿಯವರು: ಸಾರಿ ಸಾರ್, ಗಿರಾಕಿ ಇದ್ದರು. ಟ್ಯಾಂಕ್ ಈಗ ಖಾಲಿ ಆಗುತ್ತಿದೆ. ಮೇಲೆ ಟೈಲರ್ ಇಬ್ಬರು ಇದ್ದರು, ಇಳಿದು ಬಂದರು. ಬಿರುಕಿನ ಅಂಚು ಶುಭ್ರವಾಗಿದೆ.

ಇಂಜಿನಿಯರ್: ಅಂಗಡಿಯ ಆ ಭಾಗವನ್ನು ಮುಚ್ಚಿ, ಜನರನ್ನು ಹೊರಗೆ ಕಳಿಸಿ. ವಿಳಾಸ ನನಗೆ ಖಾಸಗಿಯಾಗಿ ಕಳಿಸಿ. ಬೆಳಿಗ್ಗೆ ತನಕ ಕಾಯುವುದಿಲ್ಲ, ಈಗಲೇ ಹೊರಡುತ್ತೇನೆ.