ನನಗೇಕೆ ಈ ಶಿಕ್ಷೆ ಎಂದು ಅಮ್ಮ ಕೇಳುತ್ತಾರೆ, ಏನು ಹೇಳಲಿ?

ಹೇಮಾವತಿ_ತೀರ:

ಎಲ್ಲರಿಗೂ ವಂದನೆಗಳು. ನನ್ನ ತಾಯಿ ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ 34 ವರ್ಷ ದಾದಿಯಾಗಿ ಕೆಲಸ ಮಾಡಿದವರು. ಮಳೆಗಾಲದ ನಡುರಾತ್ರಿಯಲ್ಲಿ ಯಾರಾದರೂ ಬಾಗಿಲು ಬಡಿದರೆ ಅವರ ಜಾತಿ, ಮತ, ಮನೆತನ ಯಾವುದನ್ನೂ ಕೇಳದೆ ಬ್ಯಾಟರಿ ಹಿಡಿದು ಹೊರಟು, ಹೆರಿಗೆ ಮಾಡಿಸಿ, ಬೆಳಗಾಗುವ ಹೊತ್ತಿಗೆ ಹಿಂದಿರುಗಿ ನಮಗೆ ರೊಟ್ಟಿ ತಟ್ಟಿಕೊಟ್ಟು ಶಾಲೆಗೆ ಕಳುಹಿಸುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎರಡು ವರ್ಷಗಳ ಹಿಂದೆ ಅವರ ಎರಡೂ ಮೂತ್ರಪಿಂಡಗಳು ಕೈಕೊಟ್ಟವು. ಈಗ ವಾರಕ್ಕೆ ಮೂರು ಸಲ, ಪ್ರತಿ ಸಲವೂ ನಾಲ್ಕು ಗಂಟೆ ಡಯಾಲಿಸಿಸ್ ನಡೆಯುತ್ತದೆ. ಕುಡಿಯುವ ನೀರನ್ನೂ ಅಳೆದು ಕೊಡಬೇಕಾಗಿದೆ.

ಮನೆಗೆ ಬರುವವರೆಲ್ಲ ಪ್ರೀತಿಯಿಂದಲೇ ಬರುತ್ತಾರೆ. ಆದರೆ ನಮ್ಮ ಕ್ರೈಸ್ತ ಸಭೆಯ ಹಿರಿಯರೊಬ್ಬರು, ಅರಿಕೆ ಮಾಡದೆ ಉಳಿದ ಪಾಪವೇನಾದರೂ ಇದ್ದರೆ ದೇವರ ಮುಂದೆ ಒಪ್ಪಿಕೊಳ್ಳಿರಿ ಎಂದರು. ಇನ್ನೊಬ್ಬರು, ವಿಶ್ವಾಸ ಪೂರ್ಣವಾಗಿದ್ದರೆ ಇಷ್ಟರಲ್ಲಿ ಗುಣವಾಗಬೇಕಿತ್ತು ಎಂದರು. ಪಕ್ಕದ ಮನೆಯ ಅಜ್ಜಿ, ಯಾವ ಜನ್ಮದ ಕರ್ಮವೋ ತಾಯಿ ಎಂದು ಕಣ್ಣೀರು ಹಾಕಿದರು. ಇದನ್ನೆಲ್ಲ ಕೇಳಿಸಿಕೊಂಡ ಅಮ್ಮ ಈಗ ತಮ್ಮ ಬದುಕನ್ನೇ ಹುಡುಕಲು ಆರಂಭಿಸಿದ್ದಾರೆ. ಬಹಳ ವರ್ಷಗಳ ಹಿಂದೆ, ಹೊಳೆ ತುಂಬಿ ದಾರಿ ಕಟ್ಟಿದ್ದ ಒಂದು ರಾತ್ರಿ, ಅವರು ತಲುಪುವುದು ತಡವಾಗಿ ಒಂದು ಮಗು ಉಳಿಯಲಿಲ್ಲ. ಕಳೆದ ವಾರ ಆಸ್ಪತ್ರೆಯಿಂದ ಬರುವಾಗ ಆಟೋದಲ್ಲಿ, "ಆ ಮಗುವಿನ ಲೆಕ್ಕವನ್ನು ದೇವರು ಈಗ ನನ್ನಿಂದ ತೀರಿಸಿಕೊಳ್ಳುತ್ತಿದ್ದಾನೆಯೇ ಮಗಳೇ?" ಎಂದು ಕೇಳಿದರು. ನಾನು ಉತ್ತರಿಸಲಾರದೆ ಹೊರಗೆ ನೋಡುತ್ತಾ ಕುಳಿತೆ.

ಒಳ್ಳೆಯವರಿಗೆ ನೋವು ಏಕೆ ಬರುತ್ತದೆ ಎಂಬುದಕ್ಕೆ ನಮ್ಮ ವಿಶ್ವಾಸವು ನಿಜವಾಗಿ ಏನು ಹೇಳುತ್ತದೆ? ಅವರನ್ನು ಸಮಾಧಾನಪಡಿಸುವುದಕ್ಕಾಗಿ ನಾನು ಸುಳ್ಳು ಹೇಳಲಾರೆ.

ಧಾರವಾಡದ_ಓದುಗ:

ಸಹೋದರಿ, ಉತ್ತರವನ್ನು ಮೊದಲು ಹೇಳಿ ಕಾರಣವನ್ನು ಆಮೇಲೆ ಹೇಳುತ್ತೇನೆ. ಆ ಮಗುವಿನ ಸಾವಿಗೂ ನಿಮ್ಮ ತಾಯಿಯವರ ಕಾಯಿಲೆಗೂ ನಂಟು ಕಟ್ಟುವ ಅಧಿಕಾರವನ್ನು ಸತ್ಯವೇದವು, ಅಂದರೆ ಬೈಬಲ್, ಯಾರಿಗೂ ಕೊಟ್ಟಿಲ್ಲ. ಸ್ವತಃ ನಿಮ್ಮ ತಾಯಿಯವರಿಗೂ ಕೊಟ್ಟಿಲ್ಲ.

ಮನುಷ್ಯನು ಬಿತ್ತಿದ್ದನ್ನೇ ಕೊಯ್ಯಬೇಕು ಎಂದು ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿದೆ, ಜ್ಞಾನೋಕ್ತಿಗಳಲ್ಲಿಯೂ ಅದೇ ಧಾಟಿಯ ಮಾತುಗಳು ತುಂಬಿವೆ. ಇವುಗಳನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕೆಟ್ಟದ್ದು ನೋವನ್ನು ತರುತ್ತದೆ ಎಂಬುದರಿಂದ, ನೋವು ಕಂಡಲ್ಲೆಲ್ಲ ಕೆಟ್ಟದ್ದು ನಡೆದಿರಲೇಬೇಕು ಎಂದು ಹಿಮ್ಮುಖವಾಗಿ ತೀರ್ಮಾನಿಸಲು ಬರುವುದಿಲ್ಲ. ಯೋಬನ ಗ್ರಂಥದ 42 ಅಧ್ಯಾಯಗಳು ಇದೊಂದು ತಪ್ಪಿನ ವಿರುದ್ಧವೇ ನಿಂತಿವೆ ಎಂದು ನಾನು ನಂಬುತ್ತೇನೆ. ಆಸ್ತಿ, ಮಕ್ಕಳು, ಆರೋಗ್ಯ ಎಲ್ಲವನ್ನೂ ಕಳೆದುಕೊಂಡ ಊಚ್ ದೇಶದ ಯೋಬನು ನಿರ್ದೋಷಿ ಎಂದು ಮೊದಲನೆಯ ವಚನದಲ್ಲಿಯೇ ಓದುಗರಿಗೆ ತಿಳಿಸಲಾಗುತ್ತದೆ. ಆತನನ್ನು ಸಂತೈಸಲು ಬಂದ ಮೂವರು ಸ್ನೇಹಿತರಿಗೆ ಮಾತ್ರ ಅದು ತಿಳಿಯದು.

ಆ ಸ್ನೇಹಿತರ ಮಾತು ಹೇಗೆ ಬೆಳೆಯುತ್ತದೆ ಎಂಬುದನ್ನು ಗಮನಿಸಿ. ಎಲೀಫಜನು ಬಹಳ ಮರ್ಯಾದೆಯಿಂದ, ನಿರಪರಾಧಿ ಎಂದಾದರೂ ನಾಶವಾದದ್ದುಂಟೇ ಎಂದು ಆರಂಭಿಸುತ್ತಾನೆ. ಬಿಲ್ದದನು ಎಂಟನೆಯ ಅಧ್ಯಾಯದಲ್ಲಿ, ಸತ್ತ ಮಕ್ಕಳು ಪಾಪ ಮಾಡಿದ್ದರಿಂದಲೇ ಸತ್ತಿರಬೇಕು ಎಂದು ತಂದೆಯ ಮುಂದೆಯೇ ಸೂಚಿಸುತ್ತಾನೆ. ಚೋಫರನು, ನಿನ್ನ ಅಪರಾಧಕ್ಕೆ ತಕ್ಕಷ್ಟು ದಂಡನೆಯನ್ನು ದೇವರು ಕೊಟ್ಟೇ ಇಲ್ಲ ಎನ್ನುತ್ತಾನೆ. 22ನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ ಅದೇ ಎಲೀಫಜನು, ನೀನು ಬಳಲಿದವನಿಗೆ ನೀರು ಕೊಡಲಿಲ್ಲ, ವಿಧವೆಯರನ್ನು ಬರಿಗೈಯಲ್ಲಿ ಕಳುಹಿಸಿದೆ ಎಂದು ನಡೆಯದೇ ಇದ್ದ ಪಾಪಗಳನ್ನು ಪಟ್ಟಿ ಮಾಡಿ ಯೋಬನ ತಲೆಗೆ ಕಟ್ಟುತ್ತಾನೆ. ತಮ್ಮ ಸಿದ್ಧಾಂತ ಉಳಿಯಬೇಕಾದರೆ ಯೋಬನು ಪಾಪಿಯಾಗಲೇಬೇಕು. ಸಾಕ್ಷಿ ಸಿಗದಿದ್ದಾಗ ಅವರು ಅದನ್ನು ಸೃಷ್ಟಿಸಿಕೊಂಡರು. ನಿಮ್ಮ ತಾಯಿಯವರು ಈಗ ತಮ್ಮ ವಿಷಯದಲ್ಲಿ ತಾವೇ ಎಲೀಫಜನ ಕೆಲಸ ಮಾಡುತ್ತಿದ್ದಾರೆ ಎಂಬುದು ನನಗೆ ಬಹಳ ನೋವಿನ ಸಂಗತಿ.

ಕೊನೆಗೆ ದೇವರ ಕೋಪ ಯಾರ ಮೇಲೆ ಉರಿಯಿತು? ಹುಟ್ಟಿದ ದಿನವನ್ನು ಶಪಿಸಿ, ದೇವರೊಡನೆ ವ್ಯಾಜ್ಯಕ್ಕೆ ನಿಂತ ಯೋಬನ ಮೇಲೆ ಅಲ್ಲ. ದೇವರ ಪರವಾಗಿ ವಾದಿಸುತ್ತಿದ್ದೇವೆ ಎಂದುಕೊಂಡಿದ್ದ ಸ್ನೇಹಿತರಿಗೇ, ನನ್ನ ಸೇವಕನಾದ ಯೋಬನಂತೆ ನೀವು ನನ್ನ ವಿಷಯದಲ್ಲಿ ಸರಿಯಾದದ್ದನ್ನು ಆಡಲಿಲ್ಲ ಎಂದು ಹೇಳಲಾಗುತ್ತದೆ. ಅವರಿಗಾಗಿ ಪ್ರಾರ್ಥಿಸಬೇಕಾದವನು ಯೋಬನೇ.

ವಿಶ್ವಾಸ ಸಾಲದು ಎಂದವರಿಗೆ ಅಪೊಸ್ತಲನಾದ ಪೌಲನ ಪತ್ರಿಕೆಗಳನ್ನು ತೋರಿಸಿ. ತನ್ನ ಶರೀರದಲ್ಲಿ ನಾಟಿದ ಶೂಲಕ್ಕಾಗಿ ಆತನು ಮೂರು ಸಾರಿ ಬೇಡಿಕೊಂಡರೂ ಅದು ಹೋಗಲಿಲ್ಲ. ಆತನ ಶಿಷ್ಯ ತಿಮೊಥೆಯನಿಗೆ ಪದೇಪದೇ ಅಸ್ವಸ್ಥತೆ ಇತ್ತು. ಜೊತೆಗಾರನಾದ ತ್ರೊಫಿಮನನ್ನು ಅಸ್ವಸ್ಥನಾಗಿದ್ದಾಗಲೇ ಮಿಲೇತದಲ್ಲಿ ಬಿಟ್ಟು ಬಂದೆನೆಂದು ಆತನೇ ಬರೆದಿದ್ದಾನೆ. ಇವರೆಲ್ಲರೂ ವಿಶ್ವಾಸ ಸಾಲದವರಾಗಿದ್ದರೆಂದು ಯಾರು ಹೇಳಬಲ್ಲರು?

ಹೇಮಾವತಿ_ತೀರ:

ತುಂಬ ಧನ್ಯವಾದಗಳು. ಒಂದು ಸಂದೇಹ ಉಳಿದಿದೆ. ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ಕಂಡ ಶಿಷ್ಯರು, ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಗಳೋ ಎಂದು ಕೇಳುತ್ತಾರೆ. ಯೇಸು ಇಬ್ಬರೂ ಅಲ್ಲ ಎನ್ನುತ್ತಾರೆ, ಅಲ್ಲಿಯವರೆಗೆ ನನಗೆ ಅರ್ಥವಾಗುತ್ತದೆ. ಆದರೆ ದೇವರ ಕ್ರಿಯೆಗಳು ಇವನಲ್ಲಿ ತೋರಿಬರುವುದಕ್ಕಾಗಿ ಎಂದು ಮುಂದೆ ಇದೆಯಲ್ಲ? ತನ್ನ ಮಹಿಮೆಯನ್ನು ತೋರಿಸುವ ಸಲುವಾಗಿ ದೇವರು ಒಂದು ಕೂಸಿನ ಕಣ್ಣನ್ನು ಕಿತ್ತುಕೊಂಡರೇ? ಅಮ್ಮ ಇದನ್ನು ಕೇಳಿದರೆ ನಾನು ಏನು ಹೇಳಬೇಕು?

ಧಾರವಾಡದ_ಓದುಗ:

ಈ ವಚನ ಅನೇಕರನ್ನು ಕಾಡಿದೆ. ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ ಇಂದಿನಂತೆ ವಿರಾಮಚಿಹ್ನೆಗಳಿಲ್ಲದ ಕಾರಣ ವಾಕ್ಯವನ್ನು ಎಲ್ಲಿ ಮುರಿಯಬೇಕು ಎಂಬುದು ಓದುವವರ ವಿವೇಚನೆಗೆ ಬಿಟ್ಟದ್ದು. ಕೆಲವು ವ್ಯಾಖ್ಯಾನಕಾರರು, "ಇವನೂ ಪಾಪ ಮಾಡಲಿಲ್ಲ, ಇವನ ತಂದೆತಾಯಿಗಳೂ ಮಾಡಲಿಲ್ಲ" ಎಂಬಲ್ಲಿಗೆ ವಾಕ್ಯವನ್ನು ನಿಲ್ಲಿಸಿ, ದೇವರ ಕ್ರಿಯೆಗಳು ತೋರಿಬರುವಂತೆ ಹಗಲಿರುವಾಗಲೇ ನಾವು ಕೆಲಸ ನಡಿಸಬೇಕು ಎಂದು ಮುಂದಿನ ಮಾತಿಗೆ ಜೋಡಿಸಿ ಓದುತ್ತಾರೆ. ಎಲ್ಲರೂ ಇದನ್ನು ಒಪ್ಪುವುದಿಲ್ಲ. ನನಗೆ ಇದು ಸರಿಯೆನಿಸುತ್ತದೆ. ಹೇಗೆ ಓದಿದರೂ ಒಂದು ವಿಷಯ ಸ್ಪಷ್ಟವಾಗಿದೆ. ಶಿಷ್ಯರು ಆ ಮನುಷ್ಯನ ಹಿಂದಿನದನ್ನು ಕೆದಕಿದರು, ಯೇಸು ಅವನ ಕಣ್ಣಿಗೆ ಹಚ್ಚಿ ಗುಣಪಡಿಸಲು ಬಗ್ಗಿ ಮಣ್ಣನ್ನು ಕಲಸಿದರು.

ಲೂಕ 13ನ್ನೂ ಇದರ ಜೊತೆಗೆ ಓದಿರಿ. ಸಿಲೋವದ ಬುರುಜು ಬಿದ್ದು ಸತ್ತ 18 ಮಂದಿ ಯೆರೂಸಲೇಮಿನ ಉಳಿದವರಿಗಿಂತ ಹೆಚ್ಚು ಅಪರಾಧಿಗಳೋ ಎಂದು ಯೇಸುವೇ ಕೇಳಿ, ಅಲ್ಲ ಎಂದು ಯೇಸುವೇ ಉತ್ತರಿಸುತ್ತಾರೆ. ಆ ಕೂಡಲೇ ಅವರು ಬದುಕಿರುವ ಕೇಳುಗರ ಕಡೆಗೆ ತಿರುಗಿ, ನೀವು ತಿರುಗಿಕೊಳ್ಳಿರಿ ಎನ್ನುತ್ತಾರೆ. ಎಚ್ಚರಿಕೆಯ ಮಾತು ಸತ್ತವರ ಮೇಲೆ ಬೀಳಲಿಲ್ಲ, ಅವರ ಸಾವಿನ ಕುರಿತು ಚರ್ಚಿಸುತ್ತಿದ್ದವರ ಮೇಲೆ ಬಿತ್ತು.

ಕರಾವಳಿಯ_ಹಣತೆ:

ಪ್ರಿಯ ಸೋದರಿ, ನಾನು ಕಥೋಲಿಕಳು. ನಮ್ಮ ಪರಂಪರೆಯಿಂದ ಒಬ್ಬರ ವಿಷಯವನ್ನು ಹೇಳಬಯಸುತ್ತೇನೆ, ಏಕೆಂದರೆ ದಾದಿಯಾಗಿದ್ದ ನಿಮ್ಮ ತಾಯಿಗೆ ಅದು ಬೇಗ ಅರ್ಥವಾದೀತು. ಬೆಲ್ಜಿಯಂನಲ್ಲಿ 1840ರಲ್ಲಿ ಹುಟ್ಟಿದ ಫಾದರ್ ಡೇಮಿಯನ್ ಅವರು ಹವಾಯಿ ದ್ವೀಪಸಮೂಹದ ಮೊಲೊಕಾಯಿಗೆ ಹೋದದ್ದು 1873ರಲ್ಲಿ. ಕುಷ್ಠರೋಗಿಗಳನ್ನು ಅಲ್ಲಿ ಊರಿನಿಂದ ಬೇರ್ಪಡಿಸಿ ಇಡಲಾಗುತ್ತಿತ್ತು. ಅವರ ಹುಣ್ಣುಗಳನ್ನು ತೊಳೆದು ಕಟ್ಟಿ, ಮನೆಗಳನ್ನು ಕಟ್ಟಿಕೊಟ್ಟು, ಸತ್ತವರಿಗೆ ಶವಪೆಟ್ಟಿಗೆಯನ್ನೂ ತಾವೇ ಮಾಡಿ, ಅವರು 16 ವರ್ಷ ಅಲ್ಲೇ ಉಳಿದರು. ಒಂದು ದಿನ ಕಾಲು ಕುದಿನೀರಿಗೆ ಬಿದ್ದರೂ ನೋವು ತಿಳಿಯದೇ ಹೋದಾಗ ತಮಗೂ ರೋಗ ತಗುಲಿದೆ ಎಂಬುದು ಅವರಿಗೆ ಖಚಿತವಾಯಿತು. 1889ರಲ್ಲಿ ಅದೇ ರೋಗದಿಂದ ತೀರಿಕೊಂಡರು.

ಅವರು ತೀರಿಕೊಂಡ ಕೆಲವೇ ತಿಂಗಳಲ್ಲಿ ಹೊನೊಲುಲುವಿನ ಒಬ್ಬ ಬೋಧಕರು, ಆ ರೋಗ ಅವರಿಗೆ ಬಂದದ್ದು ಅವರ ದುರ್ನಡತೆಯಿಂದ ಎಂದು ಪತ್ರ ಬರೆದರು. ಕಾದಂಬರಿಕಾರ ರಾಬರ್ಟ್ ಲೂಯಿ ಸ್ಟೀವನ್‌ಸನ್ ಅವರು 1890ರಲ್ಲಿ ಬಹಿರಂಗ ಪತ್ರ ಬರೆದು ಅದನ್ನು ಕಟುವಾಗಿ ಖಂಡಿಸಿದರು. ಡೇಮಿಯನ್ ಮೊಲೊಕಾಯಿಗೆ ಕಾಲಿಟ್ಟ ಅದೇ 1873ರಲ್ಲಿ ನಾರ್ವೆಯ ವೈದ್ಯ ಹ್ಯಾನ್ಸೆನ್ ಅವರು ಕುಷ್ಠಕ್ಕೆ ಕಾರಣವಾದ ಸೂಕ್ಷ್ಮಾಣುವನ್ನು ಗುರುತಿಸಿದ್ದರು. ಸೂಕ್ಷ್ಮಾಣು ಯಾರ ನಡತೆಯನ್ನೂ ವಿಚಾರಿಸಿ ಒಳಗೆ ಬರುವುದಿಲ್ಲ ಎಂಬುದನ್ನು ನಿಮ್ಮ ತಾಯಿಗೆ ಯಾರೂ ಕಲಿಸಬೇಕಾಗಿಲ್ಲ. 34 ವರ್ಷ ಅವರೇ ಊರವರಿಗೆ ಅದನ್ನು ಕಲಿಸಿರುತ್ತಾರೆ. ಡೇಮಿಯನ್ ಅವರನ್ನು 2009ರಲ್ಲಿ ಸಂತರೆಂದು ಘೋಷಿಸಲಾಯಿತು.

ನಮ್ಮಲ್ಲಿ ನೋವನ್ನು ಕ್ರಿಸ್ತರ ಶಿಲುಬೆಯ ನೋವಿನೊಂದಿಗೆ ಸೇರಿಸಿ ಇತರರಿಗಾಗಿ ಅರ್ಪಿಸುವ ಪದ್ಧತಿ ಇದೆ. ಡಯಾಲಿಸಿಸ್ ನಡೆಯುವ ಆ ನಾಲ್ಕು ಗಂಟೆಗಳಲ್ಲಿ ಪಕ್ಕದ ಹಾಸಿಗೆಯವರಿಗಾಗಿ ಪ್ರಾರ್ಥಿಸಲು ಅಮ್ಮನಿಗೆ ಹೇಳಿ ನೋಡಿ. ನನ್ನ ಅಜ್ಜಿ ತಮ್ಮ ಕೊನೆಯ ವರ್ಷವನ್ನು ಹಾಗೆಯೇ ಕಳೆದರು, ಅದು ಅವರನ್ನು ಬಹಳ ಗಟ್ಟಿಗೊಳಿಸಿತು.

ಕೊಡಗಿನ_ಮಂಜು:

ಈ ಮೇಲಿನ ಕೊನೆಯ ಸಲಹೆಯ ಬಗ್ಗೆ ನನಗೆ ಅಳುಕಿದೆ, ತಪ್ಪು ತಿಳಿಯಬೇಡಿ. ಆರು ವರ್ಷಗಳ ಹಿಂದೆ ನಾನೂ ನನ್ನ ಹೆಂಡತಿಯೂ ನಮ್ಮ ಒಂಬತ್ತು ವರ್ಷದ ಮಗನನ್ನು ರಕ್ತದ ಕ್ಯಾನ್ಸರಿನಿಂದ ಕಳೆದುಕೊಂಡೆವು. ನೋವನ್ನು ಅರ್ಪಿಸುವುದು ರೋಗಿಯ ಬಾಯಿಂದ ಬಂದರೆ ಅದು ಪ್ರಾರ್ಥನೆ. ಆರೋಗ್ಯವಾಗಿರುವವರು ಬಂದು ಹಾಗೆ ಮಾಡಿರಿ ಎಂದರೆ ಅದು ರೋಗಿಯ ಮೇಲೆ ಹೊರಿಸಿದ ಇನ್ನೊಂದು ಹೊರೆ. ನಮ್ಮ ಮಗನ ಸಮಾಧಿಯ ಬಳಿ ಒಬ್ಬರು, ದೇವರಿಗೆ ತೋಟದಲ್ಲಿ ಒಳ್ಳೆಯ ಹೂವೇ ಬೇಕಾಗಿತ್ತು ಎಂದರು. ಅವರನ್ನು ನಾನು ಕ್ಷಮಿಸಿದ್ದೇನೆ. ಆದರೆ ಮಕ್ಕಳನ್ನು ಕಿತ್ತುಕೊಳ್ಳುವ ಆ ತೋಟಗಾರನನ್ನು ನಾನು ಸುವಾರ್ತೆಗಳಲ್ಲಿ ಎಲ್ಲಿಯೂ ಕಾಣಲಿಲ್ಲ. ತಮ್ಮ ಸ್ನೇಹಿತ ಲಾಜರನ ಸಮಾಧಿಯ ಬಳಿ ಯೇಸು ಕಣ್ಣೀರಿಟ್ಟರು. ಇನ್ನು ಸ್ವಲ್ಪ ಹೊತ್ತಿನಲ್ಲಿ ಅವನನ್ನು ಸಾವಿನಿಂದ ಎಬ್ಬಿಸಲಿದ್ದೇನೆ ಎಂದು ತಿಳಿದಿದ್ದವರೂ ಮೊದಲು ಅತ್ತರು.

ಮನುಷ್ಯನಿಗೆ ದೇವರು ಸ್ವಾತಂತ್ರ್ಯ ಕೊಟ್ಟಿದ್ದರಿಂದ ಲೋಕದಲ್ಲಿ ನೋವಿದೆ ಎಂಬ ವಾದವನ್ನು ನಾನೂ ಓದಿದ್ದೇನೆ. ಯುದ್ಧಕ್ಕೂ ಕೊಲೆಗೂ ಅದು ಉತ್ತರವಾದೀತು. ಮಗುವಿನ ರಕ್ತದಲ್ಲಿ ಹುಟ್ಟುವ ಕ್ಯಾನ್ಸರಿಗೆ ಯಾರ ಸ್ವಾತಂತ್ರ್ಯವನ್ನು ಹೊಣೆ ಮಾಡುವುದು? ಸೃಷ್ಟಿಯೆಲ್ಲಾ ಪ್ರಸವವೇದನೆಪಡುತ್ತಾ ನರಳುತ್ತಿದೆ ಎಂದು ರೋಮಾಪುರದವರಿಗೆ ಬರೆದ ಪತ್ರಿಕೆ ಹೇಳುತ್ತದೆ. ಪವಿತ್ರಾತ್ಮನೂ ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡಿಕೊಳ್ಳುತ್ತಾನೆ ಎಂದು ಅದೇ ಅಧ್ಯಾಯದಲ್ಲಿದೆ. ಎಷ್ಟೋ ಹೆರಿಗೆಗಳನ್ನು ಮಾಡಿಸಿದ ನಿಮ್ಮ ತಾಯಿಗೆ ಆ ನರಳುವಿಕೆಯ ಅರ್ಥ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ನನಗೆ ಕಾರಣ ಸಿಕ್ಕಿಲ್ಲ. ಯೋಬನಿಗೂ ಸಿಗಲಿಲ್ಲ, ಮೊದಲ ಎರಡು ಅಧ್ಯಾಯಗಳಲ್ಲಿ ಪರಲೋಕದಲ್ಲಿ ಸೈತಾನನೊಡನೆ ನಡೆದ ಸಂಭಾಷಣೆಯನ್ನು ದೇವರು ಆತನಿಗೆ ಕೊನೆಯವರೆಗೂ ತಿಳಿಸಲೇ ಇಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಸತ್ಯವೇದದ 88ನೆಯ ಕೀರ್ತನೆ. ಉಳಿದ ಪ್ರಲಾಪದ ಕೀರ್ತನೆಗಳು ಬಹುಮಟ್ಟಿಗೆ ಕೊನೆಯಲ್ಲಿ ಸ್ತೋತ್ರಕ್ಕೋ ಭರವಸೆಗೋ ಹೊರಳುತ್ತವೆ, ಇದು ಹೊರಳುವುದಿಲ್ಲ; ಕತ್ತಲೆಯಲ್ಲಿಯೇ ಮುಗಿಯುತ್ತದೆ. ಆದರೂ ಅದನ್ನು ಯಾರೂ ತೆಗೆದುಹಾಕದೆ ಆರಾಧನೆಯ ಪುಸ್ತಕದೊಳಗೆ ಉಳಿಸಿಕೊಂಡಿದ್ದಾರೆ. ಹೀಗೆಯೂ ದೇವರೊಡನೆ ಮಾತನಾಡಬಹುದು ಎಂಬುದು ನನಗೆ ಅಂದು ತಿಳಿಯಿತು. ಶಿಲುಬೆಯ ಮೇಲೆ ಯೇಸುವೂ, ನನ್ನ ದೇವರೇ, ನನ್ನನ್ನು ಯಾಕೆ ಕೈಬಿಟ್ಟಿದ್ದೀ ಎಂದು 22ನೆಯ ಕೀರ್ತನೆಯ ಮಾತನ್ನೇ ಕೂಗಿದರು. ಯಾಕೆ ಎಂದು ಕೇಳುವುದು ಅವಿಶ್ವಾಸವಾಗಿದ್ದರೆ ಆ ಕೂಗು ಸುವಾರ್ತೆಯಲ್ಲಿ ಇರುತ್ತಿರಲಿಲ್ಲ.

ಕರಾವಳಿಯ_ಹಣತೆ:

ಅಣ್ಣ, ನೀವು ಹೇಳಿದ್ದು ಸರಿ. ಅಜ್ಜಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಅವರೇ ಕಂಡುಕೊಂಡಿದ್ದರು. ಆ ವ್ಯತ್ಯಾಸವನ್ನು ನಾನು ಯೋಚಿಸಿರಲಿಲ್ಲ. ಸೋದರಿ, ಅಮ್ಮ ತಾವಾಗಿ ಕೇಳಿದರೆ ಮಾತ್ರ ನನ್ನ ಸಲಹೆಯನ್ನು ಹೇಳಿ.

ಹೇಮಾವತಿ_ತೀರ:

ನಿಮ್ಮೆಲ್ಲರ ಉತ್ತರಗಳನ್ನು ಮೂರು ದಿನ ಓದಿದೆ. ಮಗನನ್ನು ಕಳೆದುಕೊಂಡ ಸಹೋದರರೇ, ನೀವು ಇಷ್ಟು ಬರೆದದ್ದಕ್ಕೆ ನಾನು ಋಣಿ.

ನಿನ್ನೆ ಡಯಾಲಿಸಿಸ್ ನಡೆಯುವಾಗ ಅಮ್ಮನ ಪಕ್ಕದಲ್ಲಿ ಕುಳಿತು ಯೋಬನ ಗ್ರಂಥದ 22ನೆಯ ಅಧ್ಯಾಯವನ್ನೂ 42ನೆಯದನ್ನೂ ಓದಿದೆ. ಎಲೀಫಜನು ಪಾಪಗಳನ್ನು ಎಣಿಸುವಲ್ಲಿ ಅಮ್ಮ ಕಣ್ಣು ಮುಚ್ಚಿಕೊಂಡರು. ದೇವರು ಅವನನ್ನು ಗದರಿಸುವ ವಚನ ಬಂದಾಗ ಮತ್ತೊಮ್ಮೆ ಓದಲು ಹೇಳಿದರು, ಬಳಿಕ ಇನ್ನೊಮ್ಮೆ. ಅನಂತರ ಬಹಳ ಹೊತ್ತು ಸುಮ್ಮನಿದ್ದು, ಆ ಹೊಳೆ ತುಂಬಿದ ರಾತ್ರಿಯ ಮಾತನ್ನು ತಾವೇ ತೆಗೆದರು. ಮಗುವಿನ ತಾಯಿಯ ರಕ್ತಸ್ರಾವ ನಿಲ್ಲದಿದ್ದಾಗ ಬೆಳಗಿನವರೆಗೂ ಪಕ್ಕದಲ್ಲಿದ್ದು ಆಕೆಯನ್ನು ಉಳಿಸಿಕೊಂಡೆ, ಆಕೆ ಈಗ ಮೊಮ್ಮಕ್ಕಳನ್ನು ಆಡಿಸುತ್ತಿದ್ದಾಳೆ ಎಂದರು. ಇಷ್ಟು ವರ್ಷಗಳಲ್ಲಿ ಕಥೆಯ ಆ ಅರ್ಧವನ್ನು ಅವರು ನಮಗೆ ಹೇಳಿರಲಿಲ್ಲ. ನೋವು ಹಾಗೆಯೇ ಇದೆ, ನಾಳಿದ್ದು ಮತ್ತೆ ಆಸ್ಪತ್ರೆಗೆ ಹೋಗಬೇಕು.

ಧಾರವಾಡದ ಸಹೋದರರಿಗೆ ಅಮ್ಮನ ಕಡೆಯಿಂದ ಒಂದು ಪ್ರಶ್ನೆಯಿದೆ. ದೇವರು ಗದರಿಸಿದ್ದು ಮೂವರನ್ನು ಮಾತ್ರ. ಅವರ ಬಳಿಕ ಆರು ಅಧ್ಯಾಯಗಳಷ್ಟು ಮಾತನಾಡಿದ ಯುವಕ ಎಲೀಹುವಿನ ಹೆಸರನ್ನು ಕೊನೆಯಲ್ಲಿ ದೇವರು ಎತ್ತುವುದೇ ಇಲ್ಲ. ಅವನು ಹೇಳಿದ್ದು ಸರಿಯೋ ತಪ್ಪೋ ಎಂದು ಅವರು ಕೇಳುತ್ತಿದ್ದಾರೆ. ನಾಳಿದ್ದಿನ ನಾಲ್ಕು ಗಂಟೆಗಳಿಗೆ 32ನೆಯ ಅಧ್ಯಾಯದಿಂದ ಓದಲು ಗುರುತು ಹಾಕಿ ಇಟ್ಟಿದ್ದೇವೆ.