ಹೈಡ್ರಿಲ್ಲಾ ಎಲೆಯಲ್ಲಿ ಕ್ಲೋರೋಪ್ಲಾಸ್ಟ್ ಓಟ 25 ನಿಮಿಷಕ್ಕೆ ನಿಲ್ಲುತ್ತಿದೆ, ಫೋಕಸ್ ಜಾರುತ್ತಿದೆ

ಕೆರೆದಂಡೆ:

ಎಲ್ಲರಿಗೂ ನಮಸ್ಕಾರ. ಪಿಯುಸಿ ಮಕ್ಕಳಿಗೆ ತೋರಿಸಲು ಹೈಡ್ರಿಲ್ಲಾ ಎಂಬ ನೀರುಗಿಡದ ಎಲೆಯ ಜೀವಂತ ಕೋಶಗಳಲ್ಲಿ ಕ್ಲೋರೋಪ್ಲಾಸ್ಟ್‌ಗಳು (ಹಸಿರು ಕಣಗಳು) ಗೋಡೆಗುಂಟ ಸುತ್ತುವುದನ್ನು ಎರಡು ಗಂಟೆ ಕಾಲ ಚಿತ್ರೀಕರಿಸಬೇಕಿದೆ. ಆಗುತ್ತಿಲ್ಲ.

ಸಲಕರಣೆ: ಸಾಮಾನ್ಯ ವಿದ್ಯಾರ್ಥಿ ಮೈಕ್ರೋಸ್ಕೋಪ್, 40ಎಕ್ಸ್ 0.65 ಆಬ್ಜೆಕ್ಟಿವ್ (0.65 ಅಂದರೆ ಮಸೂರ ಬೆಳಕು ಹಿಡಿಯುವ ಅಳತೆ, ಎನ್‌ಎ), ಕೆಳಗೆ ಮಂದ ಮಾಡಬಹುದಾದ ಎಲ್‌ಇಡಿ ದೀಪ, ಐಪೀಸಿಗೆ ಕ್ಲಿಪ್ ಹಾಕಿ ಕೂರಿಸಿದ ಫೋನ್. ಗಿಡ ಅಕ್ವೇರಿಯಂ ಅಂಗಡಿಯದು. ಎಲೆ ಕಿತ್ತು, ನಲ್ಲಿ ನೀರಿನ ಎರಡು ಹನಿಯಲ್ಲಿಟ್ಟು, ಕವರ್‌ಸ್ಲಿಪ್ ಮುಚ್ಚಿ, ಒಣಗದಿರಲೆಂದು ಸುತ್ತ ನೇಲ್ ಪಾಲಿಶ್ ಬಳಿಯುತ್ತೇನೆ. 10 ಸೆಕೆಂಡಿಗೊಂದು ಫೋಟೋ.

ತೊಂದರೆಗಳು: ಓಟ 25 ನಿಮಿಷದೊಳಗೆ ನಿಲ್ಲುತ್ತದೆ. ಅದಕ್ಕೂ ಮೊದಲು ತೆಗೆದ ಫೋಟೋ ಜೋಡಿಸಿದರೂ ಹರಿವು ಕಾಣದು, ಕಣಗಳು ಅಲ್ಲೇ ತಡಬಡಾಯಿಸಿದಂತೆ ಕಾಣುತ್ತವೆ. ಹತ್ತು ನಿಮಿಷಕ್ಕೊಮ್ಮೆ ಫೋಕಸ್ ತಪ್ಪುತ್ತದೆ. ಚಿತ್ರ ಹಾಲು ಬೆರೆಸಿದ ಹಾಗೆ ಮಬ್ಬು. ವಿಡಿಯೋ ತೆಗೆದರೆ ಕಪ್ಪು ಪಟ್ಟಿಗಳು ಮೇಲಿಂದ ಕೆಳಗೆ ಉರುಳುತ್ತವೆ. ಎಲ್ಲಿಂದ ಶುರು ಮಾಡಲಿ?

ಗಾಜುಬಿಲ್ಲೆ:

ಇಲ್ಲಿ ಎರಡು ಬಗೆಯ ತೊಂದರೆ ಕೂಡಿಕೊಂಡಿದೆ: ಕೋಶಕ್ಕೆ ಆಗುತ್ತಿರುವುದು ಒಂದು, ಚಿತ್ರಕ್ಕೆ ಆಗುತ್ತಿರುವುದು ಇನ್ನೊಂದು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಇಲ್ಲವಾದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ.

ಮೊದಲು ಫೋಟೋಗಳ ನಡುವಿನ ಅಂತರ ನೋಡಿ. ಹೈಡ್ರಿಲ್ಲಾದಲ್ಲಿ ಕ್ಲೋರೋಪ್ಲಾಸ್ಟ್ ಸೆಕೆಂಡಿಗೆ ಕೆಲವು ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ) ಓಡುತ್ತದೆ. 6 ಅಂತಿಟ್ಟುಕೊಳ್ಳಿ. 10 ಸೆಕೆಂಡಿನಲ್ಲಿ ಅದು 60 ಮೈಕ್ರಾನ್ ದೂರ ಹೋಗಿರುತ್ತದೆ, ಅಂದರೆ ಎಷ್ಟೋ ಕೋಶಗಳಲ್ಲಿ ಮೂಲೆ ತಿರುಗಿ ಆಚೆ ಗೋಡೆ ಹಿಡಿದಿರುತ್ತದೆ. ಎಲ್ಲ ಕಣಗಳೂ ನೋಡಲು ಒಂದೇ ತರ. ಮುಂದಿನ ಫೋಟೋದಲ್ಲಿ ಹತ್ತಿರ ಸಿಕ್ಕಿದ ಬೇರೆ ಕಣವನ್ನೇ ನಮ್ಮ ಕಣ್ಣು ಹಿಂದಿನ ಕಣವೆಂದು ನಂಬಿಬಿಡುತ್ತದೆ. ಆ ತಡಬಡಿಕೆಗೆ ಇದೇ ಕಾರಣ. ಕಣದ ಅಗಲ ಸುಮಾರು 5 ಮೈಕ್ರಾನ್. ಎರಡು ಫ್ರೇಮಿನ ನಡುವೆ ಅದು ತನ್ನ ಅರ್ಧ ಅಗಲಕ್ಕಿಂತ ಹೆಚ್ಚು ಸರಿಯಬಾರದು ಅಂದರೆ ಸೆಕೆಂಡಿಗೆ ಕನಿಷ್ಠ ಎರಡು ಮೂರು ಫ್ರೇಮ್ ಬೇಕು. ಹಾಗಾಗಿ ಬಿಡಿ ಫೋಟೋ ಕೈಬಿಡಿ. 5 ನಿಮಿಷಕ್ಕೊಮ್ಮೆ 20 ಸೆಕೆಂಡಿನ ಮಾಮೂಲಿ ವಿಡಿಯೋ ತೆಗೆಯಿರಿ. ಎರಡು ಗಂಟೆಗೆ 24 ತುಣುಕು, ಒಟ್ಟು 8 ನಿಮಿಷ. ಫೋನಿನ ಜಾಗವೂ ಉಳಿಯುತ್ತದೆ.

ಇನ್ನು, 25 ನಿಮಿಷಕ್ಕೆ ನಿಲ್ಲುವುದು ನಿಜವೇ ಎಂದು ಫೋನ್ ತೆಗೆದು ಬರಿಗಣ್ಣಿನಲ್ಲಿ ಐಪೀಸ್ ಮೂಲಕ ನೋಡಿ. ಒಂದೇ ದಿಕ್ಕಿನಲ್ಲಿ, ಸಾಲಾಗಿ, ಗೋಡೆಗುಂಟ ಸಾಗಿದರೆ ಅದು ಕೋಶದ್ರವ್ಯದ ಹರಿವು. ಸಣ್ಣ ಕಣಗಳು ಇದ್ದಲ್ಲೇ ಎಲ್ಲ ದಿಕ್ಕಿಗೂ ನಡುಗುತ್ತಿದ್ದರೆ ಅದು ಬ್ರೌನಿಯನ್ ಚಲನೆ, ಸತ್ತ ಕೋಶದಲ್ಲೂ ಇರುತ್ತದೆ.

ಆಗಲೂ ಅನುಮಾನ ಉಳಿದರೆ ಉಪ್ಪಿನ ಪರೀಕ್ಷೆ ಮಾಡಿ. 100 ಮಿಲಿ ನೀರಿಗೆ 5 ಗ್ರಾಂ ಉಪ್ಪು. ಕವರ್‌ಸ್ಲಿಪ್‌ನ ಒಂದು ಅಂಚಿಗೆ ಹನಿ ಬಿಟ್ಟು, ಎದುರು ಅಂಚಿನಲ್ಲಿ ಫಿಲ್ಟರ್ ಪೇಪರ್ ತುಂಡಿನಿಂದ ಎಳೆದುಕೊಳ್ಳಿ. ಜೀವವಿರುವ ಕೋಶದ ಒಳಪೊರೆ ಕೆಲವೇ ನಿಮಿಷದಲ್ಲಿ ಗೋಡೆ ಬಿಟ್ಟು ಒಳಕ್ಕೆ ಕುಗ್ಗುತ್ತದೆ. ಸತ್ತ ಕೋಶದ ಪೊರೆ ಸೋರುವುದರಿಂದ ಕುಗ್ಗುವುದಿಲ್ಲ. ಇದನ್ನು ಕೊನೆಯಲ್ಲಿ ಮಾಡಿ, ಆ ಎಲೆಯನ್ನು ಮತ್ತೆ ಚಿತ್ರೀಕರಣಕ್ಕೆ ಬಳಸಬೇಡಿ.

ಕೆರೆದಂಡೆ:

ಫೋಟೋ ಅಂತರದ ವಿಷಯ ನೀವು ಹೇಳಿದ ಹಾಗೇ ಇತ್ತು. ವಿಡಿಯೋದಲ್ಲಿ ಹರಿವು ಸ್ಪಷ್ಟ. ಆದರೆ 25 ನಿಮಿಷಕ್ಕೆ ನಿಲ್ಲುವುದೂ ನಿಜವೇ. ಕಣಗಳು ಒಂದು ಕಡೆ ಗುಂಪುಗಟ್ಟುತ್ತವೆ, ಉಪ್ಪು ಬಿಟ್ಟರೆ ಕುಗ್ಗುವುದಿಲ್ಲ. ಇನ್ನೊಂದು ಗಮನಿಸಿದೆ: ಕವರ್‌ಸ್ಲಿಪ್ ಅಂಚಿನ ಹತ್ತಿರದ ಕೋಶಗಳು ಮೊದಲು ಸಾಯುತ್ತವೆ, ನಡುವಿನವು ಆಮೇಲೆ.

ಪಾಚಿಪ್ರಿಯ:

ಅಂಚಿನಿಂದ ಒಳಕ್ಕೆ ಸಾವು ಬರುತ್ತಿದೆ ಅಂದರೆ ಕಾರಣ ಅಂಚಿನಲ್ಲೇ ಇದೆ: ನೇಲ್ ಪಾಲಿಶ್. ಅದರಲ್ಲಿರುವ ಈಥೈಲ್ ಅಸಿಟೇಟ್, ಬ್ಯೂಟೈಲ್ ಅಸಿಟೇಟ್‌ನಂಥ ದ್ರಾವಕಗಳು ಒಣಗುವ ಮುಂಚೆಯೇ ನೀರಿಗೆ ಇಳಿಯುತ್ತವೆ. ಸ್ಥಿರೀಕರಿಸಿದ, ಅಂದರೆ ಮೊದಲೇ ಸತ್ತ ಮಾದರಿಗೆ ಅದು ಒಳ್ಳೆಯ ಅಂಟು. ಜೀವಂತ ಕೋಶದ ಹತ್ತಿರ ಬೇಡವೇ ಬೇಡ.

ವ್ಯಾಸಲಿನ್ ಸಾಕು. ಇಂಜೆಕ್ಷನ್ ಸಿರಿಂಜಿಗೆ ತುಂಬಿ, ಸೂಜಿ ಇಲ್ಲದೆ, ಸ್ಲೈಡ್ ಮೇಲೆ ಎಡಕ್ಕೊಂದು ಬಲಕ್ಕೊಂದು ತೆಳು ಗೆರೆ ಎಳೆಯಿರಿ, ನಡುವೆ 18 ಮಿಮೀ ಬಿಡಿ. ಮುಂದಿನ ಮತ್ತು ಹಿಂದಿನ ಅಂಚು ತೆರೆದೇ ಇರಲಿ, ನೀರು ಬದಲಿಸಲು ಆ ದಾರಿ ಬೇಕು. ನಡುವೆ ಎಲೆ, ಒಂದೇ ಹನಿ ನೀರು, ಮೇಲೆ 22 ಮಿಮೀ ಕವರ್‌ಸ್ಲಿಪ್. ಪೆನ್ಸಿಲ್ ಹಿಂಬದಿಯಿಂದ ವ್ಯಾಸಲಿನ್ ಗೆರೆಯ ಮೇಲಷ್ಟೇ ಮೆಲ್ಲಗೆ ಒತ್ತಿ. ಎಲೆಯ ಮೇಲೆ ಒತ್ತಿದರೆ ಕೋಶ ಜಜ್ಜುತ್ತದೆ.

ಎರಡು ಹನಿ ಯಾಕೆ ಬೇಡ ಅಂದರೆ, ಡ್ರಾಪರಿನ ಒಂದು ಹನಿ ಸುಮಾರು 50 ಮೈಕ್ರೋಲೀಟರ್. 22ಕ್ಕೆ 22 ಮಿಮೀ ಗಾಜಿನಡಿ ಅದು ಹರಡಿದರೆ ಸರಿಸುಮಾರು 0.1 ಮಿಮೀ ದಪ್ಪದ ಪದರ ಆಗುತ್ತದೆ, ಎಲೆಗೆ ಅಷ್ಟು ಧಾರಾಳ. ಎರಡು ಹನಿ ಹಾಕಿದರೆ ಎಲೆ ತೇಲುತ್ತದೆ, ಎಲೆಗೂ ಗಾಜಿಗೂ ನಡುವೆ ದಪ್ಪ ನೀರು ನಿಲ್ಲುತ್ತದೆ. ನಿಮ್ಮ 40ಎಕ್ಸ್ ಆಬ್ಜೆಕ್ಟಿವ್ ಮೇಲೆ 0.17 ಎಂದು ಬರೆದಿರುತ್ತದೆ ನೋಡಿ. 0.17 ಮಿಮೀ ಗಾಜು, ಅದಕ್ಕೆ ಅಂಟಿದಂತೆ ಮಾದರಿ, ಈ ಲೆಕ್ಕಕ್ಕೆ ಕಟ್ಟಿದ ಮಸೂರ ಅದು. ನಡುವೆ ನೀರು ಹೆಚ್ಚಾದಷ್ಟೂ ಹಾಲುಮಬ್ಬು. ಕವರ್‌ಸ್ಲಿಪ್ ಡಬ್ಬಿಯ ಮೇಲೆ ನಂ. 1.5 ಎಂದಿದ್ದರೆ ಒಳ್ಳೆಯದು. ನಂ. 2 ಇದ್ದರೆ ಬದಲಿಸಿ, ದಪ್ಪ ಜಾಸ್ತಿ. ಇಷ್ಟಾದರೂ ಮಬ್ಬು ಉಳಿದರೆ ಐಪೀಸ್ ತೆಗೆದು ಕೊಳವೆಯೊಳಗೆ ನೋಡುತ್ತ ಸ್ಲೈಡಿನ ಕೆಳಗಿರುವ ಕಂಡೆನ್ಸರ್ ಮಸೂರದ ಐರಿಸನ್ನು (ಹಿಗ್ಗಿಸಿ ಕುಗ್ಗಿಸುವ ಬೆಳಕಿಂಡಿಯನ್ನು) ಬೆಳಕಿನ ವೃತ್ತ ಮುಕ್ಕಾಲು ಭಾಗ ತುಂಬುವಷ್ಟಕ್ಕೆ ಮುಚ್ಚಿ.

ನೀರಿನ ಬಗ್ಗೆ: ನಲ್ಲಿ ನೀರಿನ ಕ್ಲೋರಿನ್ ಬೇಡ. ಗಿಡ ಇರುವ ತೊಟ್ಟಿಯ ನೀರನ್ನೇ ಬಟ್ಟೆಯಲ್ಲಿ ಸೋಸಿ ಬಳಸಿ. ಎಲೆಯನ್ನು ತುದಿಯಿಂದ ಮೂರನೆಯ ಅಥವಾ ನಾಲ್ಕನೆಯ ಎಲೆಸುತ್ತಿನಿಂದ, ಬುಡದಲ್ಲಿ ಚಿಮುಟದಿಂದ ಹಿಡಿದು ಕೀಳಿ. ಇಡೀ ಎಲೆ ಎರಡೇ ಕೋಶ ದಪ್ಪ, ಕತ್ತರಿಸುವ ಕೆಲಸವಿಲ್ಲ. ಅದಕ್ಕೇ ಈ ಗಿಡ ಇಷ್ಟು ಉಪಕಾರಿ, ಕೋಶವನ್ನು ಅದು ಇದ್ದ ಜಾಗದಲ್ಲೇ, ಅಕ್ಕಪಕ್ಕದವರ ಜೊತೆಗೇ ನೋಡಬಹುದು. ಕಿತ್ತ ಕೂಡಲೇ ಓಟ ಕಾಣದಿದ್ದರೆ ಗಾಬರಿ ಬೇಡ. ತಣ್ಣಗಿದ್ದ, ಕದಡದ ಎಲೆಯಲ್ಲಿ ಕಣಗಳು ಸುಮ್ಮನೆ ಕೂತಿರುತ್ತವೆ. ಬೆಳಕು ಬಿದ್ದ ಮೇಲೆ, ಗಾಯವಾದ ಮೇಲೆ ಹರಿವು ಎದ್ದುಕೊಳ್ಳುತ್ತದೆ. ಕಿತ್ತ ಎಲೆಯನ್ನು 25ರಿಂದ 28 ಡಿಗ್ರಿ ನೀರಿನಲ್ಲಿ ಮೇಜಿನ ದೀಪದಡಿ ಅರ್ಧ ಗಂಟೆ ಇಟ್ಟು ಆಮೇಲೆ ಸ್ಲೈಡಿಗೇರಿಸಿ. ನಡುನರದ ಉದ್ದ ಕೋಶಗಳಲ್ಲಿ ಮೊದಲು ಹುಡುಕಿ.

ಹಿತ್ತಾಳೆತಿರುಪು:

ಫೋಕಸ್ ವಿಷಯಕ್ಕೆ ಬರೋಣ. ತಪ್ಪು ಯಂತ್ರದ್ದೋ ಸ್ಲೈಡಿನದೋ ಎಂದು ಬೇರೆ ಮಾಡಲು ಸುಲಭದ ದಾರಿ ಇದೆ. ಒಣ ಶಾಶ್ವತ ಸ್ಲೈಡ್ ಒಂದನ್ನು (ಈರುಳ್ಳಿ ಬೇರಿನದಾದರೂ ಆದೀತು) 40ಎಕ್ಸ್‌ನಲ್ಲಿ ಫೋಕಸ್ ಮಾಡಿ ಅರ್ಧ ಗಂಟೆ ಮುಟ್ಟದೆ ಬಿಡಿ.

ಅದರಲ್ಲೂ ಜಾರಿದರೆ ಯಂತ್ರದ ತಪ್ಪು. ವಿದ್ಯಾರ್ಥಿ ಮೈಕ್ರೋಸ್ಕೋಪುಗಳಲ್ಲಿ ಸಾಮಾನ್ಯವಾಗಿ ಸ್ಟೇಜ್ (ಸ್ಲೈಡ್ ಇಡುವ ತಟ್ಟೆ) ತನ್ನ ಭಾರಕ್ಕೆ ಮೆಲ್ಲಗೆ ಕೆಳಗಿಳಿಯುತ್ತಿರುತ್ತದೆ. ದಪ್ಪ ಫೋಕಸ್ ಗುಬುಟಿನ ಒಳಬದಿಯಲ್ಲಿ ಬಿಗಿ ಮಾಡುವ ಬಳೆ ಇರುತ್ತದೆ, ಅದನ್ನು ಕಾಲು ಸುತ್ತು ಬಿಗಿಗೊಳಿಸಿ ಮತ್ತೆ ಪರೀಕ್ಷಿಸಿ. ಎರಡು ಕಡೆಯ ಗುಬುಟುಗಳನ್ನು ಎದುರುಬದುರಾಗಿ ತಿರುಚಬೇಡಿ, ಒಳಗಿನ ಹಲ್ಲು ಹಾಳಾಗುತ್ತದೆ.

ಒಣ ಸ್ಲೈಡ್ ನಿಂತು, ಹಸಿ ಸ್ಲೈಡ್ ಮಾತ್ರ ಜಾರಿದರೆ ನೀರು ಆವಿಯಾಗಿ ಗಾಜು ಕೆಳಗಿಳಿಯುತ್ತಿದೆ. ವ್ಯಾಸಲಿನ್ ಗೆರೆ ಅದನ್ನು ಬಹುಮಟ್ಟಿಗೆ ತಡೆಯುತ್ತದೆ. ತೆರೆದ ಅಂಚಿಗೆ ಹತ್ತು ನಿಮಿಷಕ್ಕೊಮ್ಮೆ ಅರ್ಧ ಹನಿ ಕೊಟ್ಟರೆ ಉಳಿದದ್ದೂ ಸರಿ.

ಮೂರನೆಯದು ಶಾಖ. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಲ್ಯುಮಿನಿಯಂ ಮೀಟರಿಗೆ ಡಿಗ್ರಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ. 10 ಸೆಂಮೀ ಉದ್ದದ ತೋಳು ಒಂದೇ ಡಿಗ್ರಿ ಬಿಸಿಯಾದರೂ 2.3 ಮೈಕ್ರಾನ್. ನಿಮ್ಮ 0.65 ಆಬ್ಜೆಕ್ಟಿವಿನಲ್ಲಿ ಸ್ಪಷ್ಟವಾಗಿ ಕಾಣುವ ಆಳ ಸರಿಸುಮಾರು ಒಂದೂವರೆ ಮೈಕ್ರಾನ್. ಫ್ಯಾನ್ ಹಾಕಿ ಆರಿಸಿದರೂ ಫೋಕಸ್ ಹೋಗಬಹುದು ಅನ್ನುವುದು ಇದಕ್ಕೇ. ದೀಪ ಹಚ್ಚಿ ಅರ್ಧ ಗಂಟೆ ಕಾದು ಆಮೇಲೆ ಶುರು ಮಾಡಿ, ಫ್ಯಾನಿನ ಗಾಳಿ ನೇರ ಬೀಳದಿರಲಿ, ಬಿಸಿಲು ಬರುವ ಕಿಟಕಿಯಿಂದ ದೂರವಿರಲಿ. ಹಳೆಯ ಹ್ಯಾಲೊಜನ್ ದೀಪದವರು ಎರಡು ಪಟ್ಟು ಕಾಯಿರಿ. ಅಲ್ಲಿ ಸ್ಲೈಡಿನ ಬಿಸಿಯನ್ನೂ ಮಲ್ಟಿಮೀಟರಿನ ತಾಪ ತಂತಿಯಿಂದ ಅಳೆಯಬೇಕು, 40 ಡಿಗ್ರಿ ಹತ್ತಿರ ಹೋದರೆ ಕೋಶಕ್ಕೇ ಪೆಟ್ಟು.

ಕಪ್ಪು ಪಟ್ಟಿ: ಫೋನಿನ ಪ್ರೊ ಮೋಡಿನಲ್ಲಿ ಷಟರ್ 1/50 ಅಥವಾ 1/100 ಇಡಿ. ನಮ್ಮಲ್ಲಿ ವಿದ್ಯುತ್ 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ, ಷಟರ್ ಅದಕ್ಕೆ ಹೊಂದಬೇಕು. 1/60 ಹೊಂದುವುದಿಲ್ಲ. ಆದರೂ ಪಟ್ಟಿ ಉಳಿದರೆ ತಪ್ಪು ಮಂದಕದ್ದು: ಅದು ಎಲ್‌ಇಡಿಯನ್ನು ಪಟಪಟ ಹಚ್ಚಿ ಆರಿಸಿಯೇ ಬೆಳಕು ಕಡಿಮೆ ಮಾಡುತ್ತದೆ. ಆಗ ದೀಪವನ್ನು ಪೂರ್ತಿ ಏರಿಸಿ, ದೀಪದ ಗಾಜಿನ ಮೇಲೆ ಎರಡು ಪದರ ಬಿಳಿ ಟ್ರೇಸಿಂಗ್ ಕಾಗದ ಇಟ್ಟು ಬೆಳಕು ತಗ್ಗಿಸಿ. ಎಕ್ಸ್‌ಪೋಷರ್, ಫೋಕಸ್, ವೈಟ್ ಬ್ಯಾಲೆನ್ಸ್ ಮೂರನ್ನೂ ಲಾಕ್ ಮಾಡಿ. ಫೋನ್ ತಾನಾಗಿ ಫೋಕಸ್ ಹುಡುಕುತ್ತಿದ್ದರೆ ಮೈಕ್ರೋಸ್ಕೋಪ್ ಜಾರಿದೆಯೋ ಫೋನ್ ಅಲೆದಿದೆಯೋ ಹೇಳಲಾಗದು.

ಕೆರೆದಂಡೆ:

ತುಂಬ ಉಪಕಾರ. ಪಟ್ಟಿ ಹೋಯಿತು (ಮಂದಕದ್ದೇ ತಪ್ಪು), ಮಬ್ಬು ಹೋಯಿತು, ಸ್ಟೇಜ್ ನಿಂತಿತು. ವ್ಯಾಸಲಿನ್ ಹಾಕಿದ ಮೇಲೆ 55 ನಿಮಿಷ ಚೆನ್ನಾಗಿ ಓಡಿತು. ಆಮೇಲೆ ಎಲೆಯ ಅಂಚಿನಲ್ಲಿ ಗುಳ್ಳೆಗಳು ಬೆಳೆದು ಎಲೆಯನ್ನೇ ತಳ್ಳಿಬಿಟ್ಟವು. ದೀಪ ಪೂರ್ತಿ ಏರಿಸಿದ್ದರಿಂದಲೋ ಏನೋ, ಕಣಗಳು ಪಕ್ಕದ ಗೋಡೆಗಳಿಗೆ ಒತ್ತಿಕೊಂಡವು. ಗುಳ್ಳೆ ಎಂದರೆ ಉಸಿರು ಕಟ್ಟಿತೇ?

ಗಾಜುಬಿಲ್ಲೆ:

ಇಲ್ಲ, ತಿರುಗಾಮುರುಗಾ. ಬೆಳಕಿನಲ್ಲಿ ಎಲೆ ಆಹಾರ ತಯಾರಿಸುತ್ತಿದೆ, ಆ ಗುಳ್ಳೆ ಆಮ್ಲಜನಕದ್ದು. ಕೊರತೆ ಬಿದ್ದಿರುವುದು ಇಂಗಾಲದ ಡೈಆಕ್ಸೈಡಿಗೆ. ಒಂದು ಹನಿ ನೀರಿನಲ್ಲಿ ಅದೆಷ್ಟು ಇದ್ದೀತು? ಹೈಡ್ರಿಲ್ಲಾ ಆಮೇಲೆ ನೀರಿನ ಬೈಕಾರ್ಬೊನೇಟಿಗೂ ಕೈಹಾಕುತ್ತದೆ, ಅದರಿಂದ ನೀರಿನ ಕ್ಷಾರತೆ ಏರುತ್ತ ಹೋಗುತ್ತದೆ. ಕಣಗಳು ಪಕ್ಕದ ಗೋಡೆಗೆ ಸರಿದದ್ದು ಬೆಳಕು ಅತಿಯಾದುದರ ಗುರುತು. ಕಡು ಬೆಳಕಿನಲ್ಲಿ ಕ್ಲೋರೋಪ್ಲಾಸ್ಟ್‌ಗಳು ಮುಖ ತಪ್ಪಿಸಿಕೊಳ್ಳುತ್ತವೆ, ಅದರಲ್ಲೂ ನೀಲಿ ಬೆಳಕಿಗೆ. ಬಿಳಿ ಎಲ್‌ಇಡಿಯಲ್ಲಿ ನೀಲಿ ಧಾರಾಳ.

ಆದ್ದರಿಂದ ಕಾಗದ ಎರಡರ ಬದಲು ನಾಲ್ಕು ಪದರ ಮಾಡಿ. ಅದರ ಮೇಲೆ ಹಳದಿ ಜಿಲೆಟಿನ್ ಹಾಳೆಯ ಒಂದು ತುಂಡಿಟ್ಟರೆ ನೀಲಿ ಬಹುಪಾಲು ಕಳೆಯುತ್ತದೆ. ತುಣುಕು ತೆಗೆಯದಿರುವಾಗ ಇನ್ನೆರಡು ಪದರ ಸೇರಿಸಿ, ಆದರೆ ಪೂರ್ತಿ ಕತ್ತಲು ಮಾಡಬೇಡಿ, ಬೆಳಕಿಗೆ ಎದ್ದ ಹರಿವು ಕತ್ತಲಲ್ಲಿ ಮಲಗಿಬಿಡಬಹುದು. ದೀಪದ ಗುಬುಟನ್ನೂ ಮುಟ್ಟಬೇಡಿ, ಶಾಖ ಬದಲಾಗುತ್ತದೆ.

ಹತ್ತು ನಿಮಿಷಕ್ಕೊಮ್ಮೆ ಅರ್ಧ ಹನಿ ಕೊಡುವ ಬದಲು ನೀರನ್ನೇ ಬದಲಿಸಿ: ಹಿಂದಿನ ಅಂಚಿಗೆ ತೊಟ್ಟಿ ನೀರಿನ ಎರಡು ಹನಿ, ಮುಂದಿನ ಅಂಚಿನಲ್ಲಿ ಫಿಲ್ಟರ್ ಪೇಪರ್. ಮೆಲ್ಲಗೆ ಎಳೆಯಲಿ, ಜೋರಾಗಿ ಎಳೆದರೆ ಎಲೆ ಸರಿಯುತ್ತದೆ. ಎಲೆಯ ಬುಡವನ್ನು ಒಂದು ಕಡೆಯ ವ್ಯಾಸಲಿನ್ ಗೆರೆಗೆ ಸ್ವಲ್ಪ ಸಿಕ್ಕಿಸಿಟ್ಟರೆ ಜಾಗ ಬಿಡುವುದಿಲ್ಲ. ನೀರು ಬದಲಿಸಿ ಎರಡು ನಿಮಿಷ ಬಿಟ್ಟು ತುಣುಕು ತೆಗೆಯಿರಿ.

ಕಣಗಳು ಎರಡು ದಿಕ್ಕಿಗೆ ಒಂದರ ಮೇಲೊಂದು ಹರಿದಂತೆ ಕಂಡರೆ ಮೇಲಿನ ಪದರವೂ ಕೆಳಗಿನ ಪದರವೂ ಬೆರೆತಿವೆ ಎಂದರ್ಥ. ಸೂಕ್ಷ್ಮ ಫೋಕಸಿನಿಂದ ಮೇಲಿನ ಕೋಶದ ಗೋಡೆ ಚೂಪಾಗಿ ಕಾಣುವಲ್ಲಿಗೆ ಬನ್ನಿ, ಅಲ್ಲೇ ನಿಲ್ಲಿಸಿ.

ವೇಗ ಅಳೆಯುವುದಾದರೆ ಸ್ಟೇಜ್ ಮೈಕ್ರೋಮೀಟರನ್ನು (ಅಳತೆಗೆರೆಗಳಿರುವ ಸ್ಲೈಡನ್ನು) ಇದೇ ಜೋಡಣೆಯಲ್ಲಿ, ಫೋನಿನ ಜೂಮ್ ಬದಲಿಸದೆ ಒಂದು ತುಣುಕು ತೆಗೆದಿಟ್ಟುಕೊಳ್ಳಿ. 1 ಮಿಮೀಗೆ 100 ಗೆರೆ, ಅಂದರೆ ಗೆರೆಗೆ 10 ಮೈಕ್ರಾನ್. ಚಿತ್ರ ಅಳೆಯುವ ಫಿಜಿ ತಂತ್ರಾಂಶ ಉಚಿತ, ಆದರೆ ಫೋನಿನ ವಿಡಿಯೋವನ್ನು ನೇರ ತೆರೆಯಲು ತಕರಾರು ಮಾಡಬಹುದು. ಎಂಜೆಪೆಗ್ ಎವಿಐ ಎಂಬ ವಿಡಿಯೋ ರೂಪಕ್ಕೆ ಪರಿವರ್ತಿಸಿ ಕೊಡಿ. ಗೋಡೆಗುಂಟ ಗೆರೆ ಎಳೆದು ರೀಸ್ಲೈಸ್ ಮಾಡಿದರೆ (ಪ್ರತಿ ಫ್ರೇಮಿನ ಆ ಗೆರೆಯನ್ನು ಒಂದರ ಪಕ್ಕ ಒಂದು ಜೋಡಿಸಿದರೆ) ಪ್ರತಿ ಕಣವೂ ಒಂದು ಓರೆಗೆರೆಯಾಗುತ್ತದೆ, ಓರೆ ಎಷ್ಟೋ ವೇಗ ಅಷ್ಟು. ಓಟ ನಿಂತ ಕ್ಷಣ ಓರೆಗೆರೆ ಸಮಯದ ಅಕ್ಷದ ಗುಂಟ ನೆಟ್ಟಗೆ ತಿರುಗುತ್ತದೆ, ಇದಕ್ಕಿಂತ ಖಚಿತ ಸಾಕ್ಷಿ ಬೇರೆ ಬೇಡ.

ಮಳೆಹುಳು:

ನಡುವೆ ಕೇಳುತ್ತಿದ್ದೇನೆ, ಕ್ಷಮಿಸಿ. ನಮ್ಮ ಶಾಲೆಯಲ್ಲಿ 140 ಪಟ್ಟು ಹಿಗ್ಗಿಸುವ ಫೋಲ್ಡ್‌ಸ್ಕೋಪ್ (ಮಡಚುವ ಕಾಗದದ ಮೈಕ್ರೋಸ್ಕೋಪ್) ಮಾತ್ರ ಇದೆ. ಇದನ್ನು ಅದರಲ್ಲಿ ನೋಡಬಹುದೇ?

ಪಾಚಿಪ್ರಿಯ:

ಹೈಡ್ರಿಲ್ಲಾ ಅದರಲ್ಲಿ ಕಷ್ಟ ಅಲ್ಲ, ಆದರೆ ಕಣ ಚುಕ್ಕಿಯಷ್ಟೇ ಕಾಣುತ್ತದೆ, ಮಕ್ಕಳಿಗೆ ಓಟ ಹಿಡಿಯಲು ಹೊತ್ತಾಗುತ್ತದೆ. ಕೆರೆ ಕುಂಟೆಯ ತಳದಲ್ಲಿ ನೈಟೆಲ್ಲಾ ಎಂಬ ಪಾಚಿ ಸಿಕ್ಕರೆ ಅದನ್ನು ತನ್ನಿ. ಗೆಣ್ಣಿನಿಂದ ಗೆಣ್ಣಿಗೆ ಇರುವ ಇಡೀ ತುಂಡು ಒಂದೇ ಕೋಶ, ಸೆಂಟಿಮೀಟರ್‌ಗಟ್ಟಲೆ ಉದ್ದ. ಒಳಗಿನ ಹರಿವು ಸೆಕೆಂಡಿಗೆ 50 ಮೈಕ್ರಾನ್ ದಾಟುತ್ತದೆ, ಕಡಿಮೆ ಹಿಗ್ಗಿಸುವಿಕೆಯಲ್ಲೂ ನಿಚ್ಚಳ. ಅದರ ನೆಂಟ ಕ್ಯಾರಾದಲ್ಲಿ ಇಟಲಿಯ ವಿಜ್ಞಾನಿ ಬೊನಾವೆಂಚುರಾ ಕೋರ್ತಿ ಈ ಹರಿವನ್ನು ಕಂಡು ಬರೆದದ್ದು 1774ರಲ್ಲಿ, ಆ ಕಾಲದ ಮಸೂರಗಳಲ್ಲಿ! ಕ್ಯಾರಾ ಸಿಕ್ಕರೂ ಆದೀತು, ಆದರೆ ಅದರ ಹಲವು ಜಾತಿಗಳಲ್ಲಿ ದೊಡ್ಡ ಕೋಶದ ಸುತ್ತ ಸಣ್ಣ ಕೋಶಗಳ ಹೊದಿಕೆ ಇದ್ದು ಒಳಗಿನದನ್ನು ಮರೆಮಾಡುತ್ತದೆ. ನೈಟೆಲ್ಲಾಕ್ಕೆ ಆ ಹೊದಿಕೆ ಇಲ್ಲ.

ಗೊಂದಲವಾಗುವ ಜಾಗ ಒಂದಿದೆ. ನೈಟೆಲ್ಲಾದಲ್ಲಿ ಹಸಿರು ಕಣಗಳ ಸಾಲು ಗೋಡೆಗೆ ಅಂಟಿ ಕದಲದೆ ನಿಂತಿರುತ್ತದೆ. ಹರಿಯುವುದು ಅದರ ಒಳಗಿನ ಬಣ್ಣವಿಲ್ಲದ ದ್ರವ್ಯ, ಅದರಲ್ಲಿ ತೇಲುವ ಸಣ್ಣ ಕಣಗಳು. ಹಸಿರನ್ನೇ ನೋಡುತ್ತ ಕೂತರೆ ಕೋಶ ಸತ್ತಿದೆ ಅನ್ನಿಸುತ್ತದೆ. ಹಸಿರು ಸಾಲು ಫೋಕಸಿಗೆ ಬಂದ ಮೇಲೆ ಇನ್ನೂ ಒಂಚೂರು ಆಳಕ್ಕೆ ಇಳಿಸಿ ನೋಡಿ. ಕೋಶ ದಪ್ಪ ಇರುವುದರಿಂದ ಕವರ್‌ಸ್ಲಿಪ್ ಕೆಳಗೆ ವ್ಯಾಸಲಿನ್ ಗೆರೆ ಅರ್ಧ ಮಿಮೀಗಿಂತ ಎತ್ತರವೇ ಇರಲಿ, ಬಗ್ಗಿಸಬೇಡಿ, ಚಿಮುಟದಲ್ಲಿ ಗೆಣ್ಣಿನ ಜಾಗದಲ್ಲಷ್ಟೇ ಹಿಡಿಯಿರಿ. ಮುಟ್ಟಿದರೆ ಹರಿವು ಥಟ್ಟನೆ ನಿಲ್ಲುತ್ತದೆ. ಹತ್ತು ಹದಿನೈದು ನಿಮಿಷ ಸುಮ್ಮನೆ ಬಿಟ್ಟರೆ ತಾನಾಗಿ ಮತ್ತೆ ಶುರುವಾಗುತ್ತದೆ.